ಹ್ಯಾನೋವರಿನ ಹಾಸೆ ಕಟ್ಟಿದ್ದು ಗಾಥಿಕ್ಕೋ, ಇಟ್ಟಿಗೆಯೋ?

ನಕ್ಷೆಗಾರ

ಹತ್ತೊಂಬತ್ತನೇ ಶತಮಾನದ ಜರ್ಮನ್ ಚರ್ಚುಗಳ ಮಾತು ಬಂದರೆ ಎಲ್ಲರೂ ಕಲೋನ್ ಕೆಥೆಡ್ರಲ್‌ಗೆ ಹೋಗಿ ಅಲ್ಲೇ ನಿಂತುಬಿಡುತ್ತಾರೆ. ಅದು ಅರ್ಧಕ್ಕೆ ನಿಂತಿದ್ದ ಹಳೆಯ ಕೆಲಸವನ್ನು 1842ರಿಂದ 1880ರವರೆಗೆ ಎಳೆದು ಮುಗಿಸಿದ್ದು. ಹೊಸದಾಗಿ ಪಾಯ ತೆಗೆದು, ಊರಿಗೊಂದರಂತೆ ಗಾಥಿಕ್, ಅಂದರೆ ಮಧ್ಯಯುಗದ ಚೂಪು ಕಮಾನಿನ ಶೈಲಿಯ, ಚರ್ಚು ಎಬ್ಬಿಸಿದವರ ಕೆಲಸ ಬೇರೆ. ಅಂಥವರಲ್ಲಿ ಕೊನ್ರಾಡ್ ವಿಲ್‌ಹೆಲ್ಮ್ ಹಾಸೆ (1818–1902) ಎಂಬ ವಾಸ್ತುಶಿಲ್ಪಿಯ ಬಗ್ಗೆ ಚರ್ಚೆ ಇಲ್ಲಿ ಆಗಲಿ.

ನನಗೆ ತೊಡಕಾಗಿರುವುದು ಇಷ್ಟು. ಹಾಸೆಯ ಹೆಸರಿನ ಜೊತೆ ‘ಗಾಥಿಕ್ ಪುನರುಜ್ಜೀವನ ಶೈಲಿ’ ಎಂಬ ಚೀಟಿ ಅಂಟಿಸಿಬಿಟ್ಟರೆ ಆತ ಹದಿಮೂರನೇ ಶತಮಾನವನ್ನು ನಕಲು ಹೊಡೆದ ಎಂಬಂತೆ ಕೇಳಿಸುತ್ತದೆ. ಆದರೆ ಹ್ಯಾನೋವರಿನ ಕಟ್ಟಡಗಳ ಚಿತ್ರ ನೋಡಿದರೆ ಅವು ಹಳೆಯ ಚರ್ಚುಗಳ ಹಾಗೆ ಕಾಣುವುದೇ ಇಲ್ಲ. ಚೂಪು ಕಮಾನು ಇದೆ, ಆದರೂ ಒಟ್ಟು ನೋಟ ರೈಲ್ವೆ ನಿಲ್ದಾಣಕ್ಕೂ ಶಾಲೆಗೂ ಹತ್ತಿರ. ಯಾಕೆ ಹಾಗೆ? ಮೊದಲು ದುಂಡು ಕಮಾನಿನಲ್ಲಿ ಕಟ್ಟುತ್ತಿದ್ದವನು ನಡುವೆ ಚೂಪು ಕಮಾನಿಗೆ ಹೊರಳಿದ್ದೇಕೆ? ಒಳವಿನ್ಯಾಸದ ನಿಯಮಗಳನ್ನು ಯಾರು ಹಾಕಿದರು, ಅವು ಎಷ್ಟು ಕಾಲ ನಡೆದವು?

ಇಟ್ಟಿಗೆಗೂಡು

ವೃತ್ತಿಜೀವನ ಮೊದಲು, ಅದರಲ್ಲೇ ಅರ್ಧ ಉತ್ತರ ಇದೆ.

ಹುಟ್ಟಿದ್ದು ಐನ್‌ಬೆಕ್ ಎಂಬ ಊರಲ್ಲಿ, ಆಗ ಅದು ಹ್ಯಾನೋವರ್ ರಾಜ್ಯ. 1834ರಿಂದ ಹ್ಯಾನೋವರಿನ ಉನ್ನತ ಕೈಗಾರಿಕಾ ಶಾಲೆಯಲ್ಲಿ ಓದು, ಆಮೇಲೆ ಮ್ಯೂನಿಕ್‌ನಲ್ಲಿ ಫ್ರೀಡ್ರಿಖ್ ಫೋನ್ ಗೇರ್ಟ್ನರ್ ಬಳಿ. ಗೇರ್ಟ್ನರ್ ದುಂಡುಕಮಾನು ಶೈಲಿಯ ದೊಡ್ಡ ಹೆಸರು. ಅಲ್ಲಿಂದ ವಾಪಸ್ ಬಂದ ಹುಡುಗ ನೇರವಾಗಿ ಮೇಜಿನ ಮುಂದೆ ಕೂರಲಿಲ್ಲ, ಕರಣೆ ಹಿಡಿದು ಗಾರೆಕೆಲಸ ಕಲಿತ. ನಕ್ಷೆ ಬರೆಯಬಲ್ಲವರು ಆಗ ಬೇಕಾದಷ್ಟಿದ್ದರು. ವರಸೆ, ಅಂದರೆ ಇಟ್ಟಿಗೆಯ ಒಂದೊಂದು ಸಾಲು, ಕೈಯಾರೆ ಹಾಕಬಲ್ಲವನು ಅಪರೂಪ.

1843ರಿಂದ ಹ್ಯಾನೋವರ್ ರಾಜ್ಯದ ರೈಲ್ವೆಯಲ್ಲಿ ಕೆಲಸ. ಲೆರ್ಟೆ, ಸೆಲ್ಲೆ, ವುನ್‌ಸ್ಟೋರ್ಫ್ ನಿಲ್ದಾಣಗಳು ಈ ಕಾಲದವು. 1847ರ ವುನ್‌ಸ್ಟೋರ್ಫ್ ಕಟ್ಟಡ ಇನ್ನೂ ನಿಂತಿದೆ. ರೈಲ್ವೆಗೆ ಬೇಕಾದದ್ದು ಬೇಗ ಏಳುವ, ಹೊಗೆ ಮಳೆ ತಡೆಯುವ, ಪದೇ ಪದೇ ಬಳಿಯಬೇಕಿಲ್ಲದ ಗೋಡೆ. ನಕ್ಷೆಗಾರ ಕೇಳುತ್ತಿರುವ ‘ನಿಲ್ದಾಣದ ನೋಟ’ ಚರ್ಚುಗಳಿಗೆ ಬಂದದ್ದು ಇಲ್ಲಿಂದ. ಜನ ತಿರುಗುಮುರುಗು ಹೇಳುತ್ತಾರೆ, ನಿಲ್ದಾಣ ಚರ್ಚಿನ ಹಾಗಿದೆ ಎಂದು.

1848ರ ಸುಮಾರಿಗೆ ಲೊಕ್ಕುಮ್ ಮಠದ ಜೀರ್ಣೋದ್ಧಾರ ಕೈಗೆ ಬಂತು. ಹನ್ನೆರಡನೇ ಶತಮಾನದಲ್ಲಿ ಶುರುವಾದ, ಸಿಸ್ಟರ್ಸಿಯನ್ ಎಂಬ ಕ್ರೈಸ್ತ ಸನ್ಯಾಸಿ ಪಂಥದ ಮಠ ಅದು. ಆ ಕೆಲಸ ಮಧ್ಯಯುಗದ ಕಟ್ಟೋಣಕ್ಕೆ ಪಾಠಶಾಲೆಯಾಯಿತು. ನಂತರ ಹಿಲ್ಡೆಸ್‌ಹೈಮಿನ ಸಂತ ಗೋಡೆಹಾರ್ಡ್ ಮತ್ತು ಸಂತ ಮಿಖಾಯೆಲ್ ಚರ್ಚುಗಳ ಜೀರ್ಣೋದ್ಧಾರ. 1849ರಲ್ಲಿ ಹ್ಯಾನೋವರಿನ ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳಲು ಕೂತವನು ಎದ್ದದ್ದು 1894ರಲ್ಲಿ. ನಲವತ್ತೈದು ವರ್ಷ! ಈ ಒಂದು ಸಂಖ್ಯೆಯನ್ನು ಮರೆತರೆ ಉತ್ತರ ಜರ್ಮನಿಯ ಕೆಂಪು ಚರ್ಚುಗಳೆಲ್ಲ ಒಂದೇ ಮನೆಯವರಂತೆ ಯಾಕೆ ಕಾಣುತ್ತವೆ ಎಂದು ಗೊತ್ತಾಗುವುದಿಲ್ಲ.

ಹ್ಯಾನೋವರಿನ ಈಗಿನ ಕಲಾವಿದರ ಮನೆ, ಅಂದರೆ 1853–56ರ ವಸ್ತುಸಂಗ್ರಹಾಲಯ, ಇನ್ನೂ ದುಂಡು ಕಮಾನಿನದೇ. 1859ರಲ್ಲಿ ಕೈಗೆತ್ತಿಕೊಂಡು 1864ರಲ್ಲಿ ಮುಗಿಸಿದ, ಅದೇ ಊರಿನ ಕ್ರಿಸ್ಟುಸ್‌ಕಿರ್ಖೆ (ಕಿರ್ಖೆ ಅಂದರೆ ಚರ್ಚು) ಪೂರ್ತಿ ಚೂಪು. ರಾಜ ಐದನೇ ಜಾರ್ಜ್ ಕೊಟ್ಟ ದೇಣಿಗೆ ಅದು. ಅದೇ ರಾಜ ತನ್ನ ರಾಣಿಗಾಗಿ ಕಟ್ಟಿಸಿದ ಮರೀನ್‌ಬುರ್ಗ್ ಕೋಟೆಮನೆಯೂ (1858–67) ಹಾಸೆಯ ನಕ್ಷೆಯೇ. ಆದರೆ ಒಳಾಂಗಣ ಹಾಸೆಯ ಶಿಷ್ಯ ಎಡ್ವಿನ್ ಒಪ್ಲರ್ ಕೈಗೆ ಹೋಯಿತು. 1866ರಲ್ಲಿ ಪ್ರಷ್ಯಾ ಬಂದು ರಾಜ್ಯವನ್ನೇ ನುಂಗಿತು, ರಾಜ ದೇಶ ಬಿಟ್ಟ. ಹಾಸೆಯ ಪಾಠ ಮಾತ್ರ ನಿಲ್ಲಲಿಲ್ಲ. 1863ರಿಂದ 1897ರವರೆಗೆ ಚರ್ಚ್ ಆಡಳಿತ ಮಂಡಳಿಯ ಅಧಿಕೃತ ವಾಸ್ತುಶಿಲ್ಪಿಯೂ ಆತನೇ. ಪಾಠ ಹೇಳುವವನೂ ನಕ್ಷೆ ಪಾಸು ಮಾಡುವವನೂ ಒಬ್ಬನೇ ಆದರೆ ಏನಾಗುತ್ತದೋ ಅದೇ ಆಯಿತು.

ಮೂರನೇವರಸೆ

ಮೇಲಿನದಕ್ಕೆ ಸೇರಿಸುವುದು: ದುಂಡಿನಿಂದ ಚೂಪಿಗೆ ಹೊರಳಿದ್ದನ್ನು ‘ಭಕ್ತಿ’, ‘ರಾಷ್ಟ್ರೀಯತೆ’ ಎಂದು ವಿವರಿಸುವವರಿದ್ದಾರೆ. ಅದೂ ಇತ್ತು. ಆದರೆ ಹ್ಯಾನೋವರ್ ಶಾಲೆಯ (ಹಾಸೆ ಮತ್ತು ಶಿಷ್ಯರ ಬಳಗಕ್ಕೆ ಈ ಹೆಸರು) ಒಳಗಿನ ಕಟ್ಟುನಿಟ್ಟಾದ ಮಾತು ಬೇರೆ: ಸಾಮಗ್ರಿ ಸುಳ್ಳು ಹೇಳಬಾರದು. ಇಟ್ಟಿಗೆ ಗೋಡೆಗೆ ಗಿಲಾವು ಮಾಡಿ ಅದರ ಮೇಲೆ ಕಲ್ಲಿನ ಗೆರೆ ಎಳೆಯುವುದು ಆಗ ಮಾಮೂಲು. ಹಾಸೆಗೆ ಅದು ಮೋಸ. ಗಿಲಾವು ಬೇಡ ಎಂದಮೇಲೆ ಗೋಡೆಯ ಪ್ರತಿ ವರಸೆಯೂ ಹೊರಗೆ ಕಾಣುತ್ತದೆ, ತಪ್ಪು ಮುಚ್ಚಲು ಜಾಗವೇ ಇಲ್ಲ. ಆಗ ನಕ್ಷೆಯ ಅಳತೆ ಮೀಟರಿನಲ್ಲೋ ಅಡಿಯಲ್ಲೋ ನಡೆಯುವುದಿಲ್ಲ, ಇಟ್ಟಿಗೆಯಲ್ಲಿ ನಡೆಯುತ್ತದೆ.

1872ರಲ್ಲಿ ಜರ್ಮನಿಗೆ ಒಂದೇ ಅಳತೆ ಬಂತು: 25 × 12 × 6.5 ಸೆಂ.ಮೀ. ಸಂದು 1 ಸೆಂ.ಮೀ. ಇಟ್ಟರೆ ಗೋಡೆಯ ದಪ್ಪ ಒಂದು ಇಟ್ಟಿಗೆಗೆ 25, ಒಂದೂವರೆಗೆ 38, ಎರಡಕ್ಕೆ 51, ಎರಡೂವರೆಗೆ 64, ಮೂರಕ್ಕೆ 77. ಅಡ್ಡ ಸಂದು 1.2 ಸೆಂ.ಮೀ. ಹಿಡಿದರೆ ಒಂದು ವರಸೆ 7.7, ಹದಿಮೂರು ವರಸೆಗೆ ಸರಿಯಾಗಿ ಒಂದು ಮೀಟರ್. ಒಂದು ಘನ ಮೀಟರ್ ಗೋಡೆಗೆ ಸುಮಾರು 400 ಇಟ್ಟಿಗೆ. ನಮ್ಮಲ್ಲಿನ 19 × 9 × 9 ಮಾಡ್ಯುಲರ್ ಇಟ್ಟಿಗೆಗೆ 500 ಹಿಡಿಯುತ್ತೇವಲ್ಲ, ಅದೇ ಲೆಕ್ಕ. ಮಧ್ಯಯುಗದ ‘ಮಠದ ಇಟ್ಟಿಗೆ’ ಇದಕ್ಕಿಂತ ದಪ್ಪ, ಎತ್ತರ 8–10 ಸೆಂ.ಮೀ. ಇರುತ್ತಿತ್ತು. ಹಳೆಯ ಚರ್ಚಿನ ಪಕ್ಕ ಹೊಸ ಚರ್ಚು ನಿಂತರೆ ಮೊದಲು ಕಣ್ಣಿಗೆ ಹೊಡೆಯುವ ವ್ಯತ್ಯಾಸ ಕಮಾನಿನದಲ್ಲ, ವರಸೆಯ ಎತ್ತರದ್ದು.

ಕಮಾನುಕಲ್ಲು

ಒಪ್ಪಿದೆ. ಆದರೆ ಬರೀ ಚೌಕ ಇಟ್ಟಿಗೆಯಿಂದ ಗಾಥಿಕ್ ಆಗುವುದಿಲ್ಲ. ಕಿಟಕಿಯ ಪಕ್ಕೆಗೆ ಓರೆ ಬೇಕು, ದುಂಡು ಕೋಲಿನ ಅಂಚು ಬೇಕು, ಚಾವಣಿ ಕಮಾನಿನ ಪಕ್ಕೆಲುಬು ಬೇಕು. ಇದಕ್ಕೆಲ್ಲ ಅಚ್ಚಿನ ಇಟ್ಟಿಗೆ. ಸುಟ್ಟ ಮೇಲೆ ಕೆತ್ತುವಂತಿಲ್ಲ. ಕೆತ್ತಿದರೆ ಸುಟ್ಟ ಗಟ್ಟಿ ಮೇಲ್ಮೈ ಹೋಗಿ ಒಳಗಿನ ಮೆತ್ತಗಿನ ಭಾಗ ಮಳೆಗೆ ಬೀಳುತ್ತದೆ. ಹಸಿ ಮಣ್ಣಿನಲ್ಲೇ ರೂಪ ಬರಬೇಕು.

ಹಸಿ ಮಣ್ಣು ಒಣಗಿ, ಸುಟ್ಟು, ಕುಗ್ಗುತ್ತದೆ. ಮಣ್ಣಿಗೆ ತಕ್ಕಂತೆ ಕುಗ್ಗುವ ಪ್ರಮಾಣ ಬೇರೆ. ಉದ್ದದಲ್ಲಿ ಶೇ 10 ಎಂದು ಇಟ್ಟುಕೊಳ್ಳಿ: 25 ಸೆಂ.ಮೀ. ಬೇಕಾದರೆ ಅಚ್ಚು 27.8, 12ಕ್ಕೆ 13.3, 6.5ಕ್ಕೆ 7.2. ಅಂಚಿನಲ್ಲಿ 5 ಸೆಂ.ಮೀ. ಓರೆ ಬೇಕಾದರೆ ಅಚ್ಚಿನಲ್ಲಿ 5.6. ಇಲ್ಲಿ ಎಡವುವುದು ಹೀಗೆ: ಮಾಮೂಲು ಇಟ್ಟಿಗೆ ಒಂದು ಗೂಡಿನದು, ಅಚ್ಚಿನ ಇಟ್ಟಿಗೆ ಇನ್ನೊಂದರದು, ಮಣ್ಣು ಬೇರೆ, ಕುಗ್ಗುವಿಕೆ ಬೇರೆ. ಒಂದೊಂದರಲ್ಲಿ 2–3 ಮಿ.ಮೀ. ವ್ಯತ್ಯಾಸ ಬಂದರೂ ಸಾಕು, ಅಡ್ಡ ಸಂದು ಕಿಟಕಿಯ ಪಕ್ಕಕ್ಕೆ ಬರುವಷ್ಟರಲ್ಲಿ ಮೆಟ್ಟಿಲಾಗಿರುತ್ತದೆ. ಒಂದೇ ಗೂಡಿನೊಳಗೂ ಬೆಂಕಿಗೆ ಹತ್ತಿರದ್ದು ಹೆಚ್ಚು ಕುಗ್ಗಿ ಕಪ್ಪಾಗುತ್ತದೆ, ದೂರದ್ದು ದೊಡ್ಡದಾಗಿ ಉಳಿದು ತಿಳಿ ಬಣ್ಣಕ್ಕೆ ಬರುತ್ತದೆ. ಬಣ್ಣ ನೋಡಿ, ಕುಟ್ಟಿ ದನಿ ಕೇಳಿ ವಿಂಗಡಿಸದೆ ಗೋಡೆಗೆ ಕೊಡಬಾರದು.

1858ರಲ್ಲಿ ಫ್ರೀಡ್ರಿಖ್ ಹೋಫ್‌ಮನ್‌ನ ಉಂಗುರ ಗೂಡಿಗೆ ಪೇಟೆಂಟ್ ಸಿಕ್ಕಿದ್ದೂ ಇದೇ ಕತೆಯ ಭಾಗ. ಇಟ್ಟಿಗೆ ಕದಲುವುದಿಲ್ಲ, ಬೆಂಕಿಯೇ ಕೋಣೆಯಿಂದ ಕೋಣೆಗೆ ಸುತ್ತು ಹೊಡೆಯುತ್ತದೆ. ಮುಂದಿನ ಕೋಣೆಯ ಹಸಿ ಇಟ್ಟಿಗೆಯನ್ನು ಹಿಂದಿನ ಬಿಸಿಗಾಳಿ ಕಾಯಿಸಿಟ್ಟಿರುತ್ತದೆ. ನಮ್ಮ ಊರುಗಳ ಅಂಚಿನ ಚಿಮಣಿ ಭಟ್ಟಿಗಳೂ ಇದೇ ತತ್ವದವು, ಮೇಲೆ ಮುಚ್ಚಿಗೆ ಇಲ್ಲ ಅಷ್ಟೆ. ಏಕರೂಪದ ಇಟ್ಟಿಗೆ ಅಗ್ಗವಾಗಿ ಲಕ್ಷಗಟ್ಟಲೆ ಸಿಗುವಂತಾದ ದಶಕಗಳೂ ಹಾಸೆ ಮತ್ತು ಶಿಷ್ಯರು ಚರ್ಚು ಕಟ್ಟಿದ ದಶಕಗಳೂ ಒಂದೇ. ‘ಮಧ್ಯಯುಗಕ್ಕೆ ಮರಳುವುದು’ ಎಂದು ಬರೆಯುವವರು ಈ ಗೂಡನ್ನು ಮರೆತೇ ಬರೆಯುತ್ತಾರೆ.

ಅಚ್ಚಿನ ಲೆಕ್ಕ ನೋಡಿ. ನೇರ ಪಕ್ಕೆ 4 ಮೀಟರ್ ಎತ್ತರದ ಹತ್ತು ಕಿಟಕಿ. ಒಂದು ಪಕ್ಕೆಗೆ 52 ವರಸೆ, ಎರಡಕ್ಕೆ 104, ಹತ್ತು ಕಿಟಕಿಗೆ 1,040 ಅಚ್ಚಿನ ಇಟ್ಟಿಗೆ. ಒಂದು ವರಸೆಯಲ್ಲಿ ಉದ್ದ ಮುಖ ಹೊರಗೆ, ಮುಂದಿನದರಲ್ಲಿ ಅಡ್ಡ ಮುಖ. ಅದರ ಮೇಲೆ ಎಡ ಪಕ್ಕೆ, ಬಲ ಪಕ್ಕೆ. ಒಟ್ಟು ನಾಲ್ಕು ಅಚ್ಚು, ತಲಾ 260.

ಮೂರನೇವರಸೆ

ಕಮಾನುಕಲ್ಲು ಅವರೇ, ನಾಲ್ಕು ಅಚ್ಚು ಬೇಡ. 45 ಡಿಗ್ರಿ ಓರೆಗೋ ಕಾಲುವೃತ್ತದ ಅಂಚಿಗೋ ಒಂದೇ ಅಚ್ಚು ಸಾಕು.

ಒಂದು ಇಟ್ಟಿಗೆ ಕೈಗೆ ತಗೊಳ್ಳಿ, ನಿಂತ ಅಂಚುಗಳಲ್ಲಿ ಒಂದನ್ನು ಮಾತ್ರ ಓರೆ ಮಾಡಿದ್ದೀರಿ ಎಂದುಕೊಳ್ಳಿ. ಮೂಲೆಗೆ ಇಟ್ಟರೆ ಉದ್ದ ಮುಖ ಬೀದಿ ಕಡೆ, ಅಡ್ಡ ಮುಖ ಕಿಟಕಿಯೊಳಗೆ. ಈಗ ಅದನ್ನೇ ಮಗುಚಿ, ಮೇಲಿನ ಮೈ ಕೆಳಗೆ ಹೋಗಲಿ. ಓರೆ ಅದೇ ಮೂಲೆಗೆ ಬರುವ ಹಾಗೆ ತಿರುಗಿಸಿದರೆ ಅಡ್ಡ ಮುಖ ಬೀದಿ ಕಡೆ ಬಂತು, ಉದ್ದ ಮುಖ ಒಳಗೆ ಹೋಯಿತು. ಮುಂದಿನ ವರಸೆ ತಯಾರು. ಎದುರು ಪಕ್ಕೆಗೂ ಇದೇ ಮಗುಚಾಟ.

ಎರಡನೇ ಅಚ್ಚು ಬೇಕಾಗುವುದು ಅಂಚಿನ ರೂಪ ಎರಡು ಕಡೆಗೂ ಸಮ ಇಲ್ಲದಾಗ: ಒಂದು ಬದಿಗೆ ದುಂಡು, ಇನ್ನೊಂದು ಬದಿಗೆ ತೋಡು. ಆಗ ಉದ್ದ ಮುಖದ್ದು ಒಂದು, ಅಡ್ಡ ಮುಖದ್ದು ಒಂದು, ತಲಾ 520. ಎಡ-ಬಲ ಮಗುಚಿದರೆ ಆಗಿಹೋಗುತ್ತದೆ. ಒಡೆಯುವುದು, ಬಾಗುವುದು ಎಂದು ಶೇ 5 ಹೆಚ್ಚಿಗೆ ಹೇಳಬೇಕು.

ಷರತ್ತು ಎರಡು. ಇಟ್ಟಿಗೆಯ ಮೈಯಲ್ಲಿ ಗುಳಿ ಇರಬಾರದು. ಮಗುಚಿದಾಗ ಅದು ತಲೆಕೆಳಗಾಗಿ ಗಾರೆ ತುಂಬುವುದಿಲ್ಲ. ಅಚ್ಚಿನಿಂದ ಬಿಡಿಸಲೆಂದು ಇಳಿಜಾರು ಕೊಟ್ಟಿದ್ದರೆ ಅದು ಕಣ್ಣಿಗೆ ಕಾಣದಷ್ಟಿರಬೇಕು. ಹ್ಯಾನೋವರ್ ಶಾಲೆಯ ಸಾಧಾರಣ ಚರ್ಚು, ಶಾಲೆ, ಅಂಚೆ ಕಚೇರಿಗಳಲ್ಲೆಲ್ಲ ಅದೇ ಓರೆ, ಅದೇ ದುಂಡು ಕೋಲು ಮತ್ತೆ ಮತ್ತೆ ಯಾಕೆ ಬರುತ್ತದೆ ಎಂದು ಕೇಳಿದರೆ ‘ಕಲ್ಪನೆ ಇಲ್ಲ’ ಎನ್ನುತ್ತಾರೆ. ಒಂದೇ ಅಚ್ಚಿನಲ್ಲಿ ಸಾವಿರ ಇಟ್ಟಿಗೆ ಆಗುವ ರೂಪ ಅದು.

ಕಮಾನುಕಲ್ಲು

ಸರಿಯಾಗಿ ಹಿಡಿದಿರಿ, ನನ್ನ ಲೆಕ್ಕ ವಾಪಸ್. ಮಗುಚಿದ್ದನ್ನು ನಾನು ಬರೀ ಎಡ-ಬಲಕ್ಕೂ ಯೋಚಿಸಿರಲಿಲ್ಲ.

ನಕ್ಷೆಗಾರ

ಇಟ್ಟಿಗೆ ಅರ್ಥವಾಯಿತು. ಒಳವಿನ್ಯಾಸ? ಚರ್ಚು ಹೇಗೆ ಕಟ್ಟಬೇಕೆಂದು ಹೇಳಿದ 1861ರ ಐಸೆನಾಖ್ ನಿಯಮಾವಳಿಯಲ್ಲಿ ಹಾಸೆಯ ಕೈ ಎಷ್ಟಿತ್ತು?

ಸುಣ್ಣದನೀರು

ಇತ್ತು. ಅದಕ್ಕೆ ಕೈ ಹಾಕಿದ ವಾಸ್ತುಶಿಲ್ಪಿಗಳು: ಬರ್ಲಿನ್‌ನಿಂದ ಸ್ಟ್ಯೂಲರ್, ಸ್ಟುಟ್‌ಗಾರ್ಟ್‌ನಿಂದ ಲೈನ್ಸ್, ಹ್ಯಾನೋವರಿನಿಂದ ಹಾಸೆ. ಪ್ರಾಟೆಸ್ಟಂಟ್ ಚರ್ಚುಗಳ ಆಡಳಿತಗಳು ಕೂಡಿದ ಐಸೆನಾಖ್ ಸಮ್ಮೇಳನ ಹದಿನಾರು ಅಂಶ ಹೊರಡಿಸಿತು. ಬೇಕಾದಷ್ಟನ್ನೇ ಹೇಳುತ್ತೇನೆ.

ಬಲಿಪೀಠ ಮೂಡಲಿಗೆ. ನೆಲದ ಆಕಾರ ಉದ್ದನೆಯ ಆಯತ. ಪೂರ್ವದಲ್ಲಿ ಬಲಿಪೀಠಕ್ಕೆ ಬೇರೆ ಜಾಗ, ಬೇಕಾದರೆ ಉತ್ತರ-ದಕ್ಷಿಣಕ್ಕೆ ತೋಳು ಚಾಚಿ ಶಿಲುಬೆ. ನಡು ಕೇಂದ್ರಿತ ಕಟ್ಟಡಗಳಲ್ಲಿ ಎಂಟು ಮೂಲೆಯದು ಪರವಾಗಿಲ್ಲ, ಪೂರ್ತಿ ದುಂಡು ಬೇಡ, ದನಿ ಕೆಡುತ್ತದೆ. ಶೈಲಿ ಇತಿಹಾಸದಲ್ಲಿ ಬೆಳೆದುಬಂದ ಕ್ರೈಸ್ತ ಶೈಲಿಗಳಲ್ಲೊಂದಿರಲಿ: ಆದಿ ಕ್ರೈಸ್ತ ಬೆಸಿಲಿಕಾ, ರೊಮಾನೆಸ್ಕ್ (ಗಾಥಿಕ್‌ಗೆ ಮುಂಚಿನ ದುಂಡು ಕಮಾನಿನ ಶೈಲಿ), ಎಲ್ಲಕ್ಕಿಂತ ಮೇಲಾಗಿ ‘ಜರ್ಮಾನಿಕ್’. ಈ ಕೊನೆಯದು ಗಾಥಿಕ್‌ಗೆ ಅವರಿಟ್ಟ ಹೆಸರು. ಫ್ರಾನ್ಸಿನಲ್ಲಿ ಹುಟ್ಟಿದ ಶೈಲಿಗೆ ಇಂಥ ಹೆಸರಿಟ್ಟು ಸಮ್ಮೇಳನದಲ್ಲಿ ಪಾಸು ಮಾಡಿಸಿಕೊಂಡ ಧೈರ್ಯ ಮೆಚ್ಚಬೇಕು.

ಬಾಳಿಕೆಯ ಸಾಮಗ್ರಿ ಇರಬೇಕು, ಕಣ್ಣು ಮೋಸ ಮಾಡುವ ಗಿಲಾವು ಬಣ್ಣ ಕೂಡದು ಎಂಬ ಅಂಶ ಓದಿದರೆ ಹಾಸೆಯ ದನಿ ಕೇಳಿಸುತ್ತದೆ. ಮುಖ್ಯ ಬಾಗಿಲು ಪಶ್ಚಿಮದ ಕಿರಿ ಬದಿಯಲ್ಲಿ, ಅದರ ಮೇಲೆ ಗೋಪುರ. ಆರ್ಗನ್ ವಾದ್ಯ ಬಾಗಿಲ ಮೇಲಿನ ಅಟ್ಟದಲ್ಲಿ, ಬಲಿಪೀಠಕ್ಕೆ ಎದುರು.

ಜಗಳ ಎದ್ದದ್ದು ಉಪದೇಶ ಪೀಠದ ವಿಷಯಕ್ಕೆ. ಅದು ಬಲಿಪೀಠದ ಮುಂದೆ, ಹಿಂದೆ, ಮೇಲೆ ಎಲ್ಲೂ ಇರಕೂಡದು. ಸಭಾಂಗಣವೂ ಬಲಿಪೀಠದ ಜಾಗವೂ ಸೇರುವ ಕಮಾನಿನ ಕಂಬದ ಬಳಿ, ಸಭೆಯ ಕಡೆಗೆ ಇರಬೇಕು. ಇದರ ಹಿಂದೆ ಬರೋಕ್ ಕಾಲದ (17–18ನೇ ಶತಮಾನ) ಅಭ್ಯಾಸದ ಮೇಲಿನ ಸಿಟ್ಟಿದೆ. ಆಗ ಅನೇಕ ಪ್ರಾಟೆಸ್ಟಂಟ್ ಚರ್ಚುಗಳಲ್ಲಿ ಬಲಿಪೀಠದ ನೆತ್ತಿಯ ಮೇಲೇ ಉಪದೇಶ ಪೀಠ ಕಟ್ಟುತ್ತಿದ್ದರು.

ಇದನ್ನು ಕಾಗದದ ಮೇಲೆ ಇಟ್ಟು ನೋಡಿ. ಉದ್ದನೆ ಆಯತ, ಒಂದು ಮೂಲೆಗೆ ಮಾತಾಡುವವನು, ಮೇಲೆ ಇಟ್ಟಿಗೆಯ ಕಮಾನು ಚಾವಣಿ, ಮೂರು ಸಾಲು ಜಾಗವಿದ್ದರೆ ನಡುವೆ ಕಂಬಗಳು. ಎದುರು ಪಕ್ಕದ ಹಿಂದಿನ ಬೆಂಚಿನವನಿಗೆ ಮುಖವೂ ಕಾಣದು, ಮಾತೂ ನೆಟ್ಟಗೆ ಬಾರದು. ಗೋಡೆಗೆ ಬಡಿದು ಬಂದ ಪ್ರತಿಧ್ವನಿಯ ಮೇಲೆ ಮುಂದಿನ ಪದ ಬಂದು ಕೂರುತ್ತದೆ. ಮರದ ಚಾವಣಿ ದನಿಗೆ ಒಳ್ಳೆಯದು ಎಂದು ನಿಯಮಾವಳಿಯೇ ಒಪ್ಪಿಕೊಂಡಿದೆ. ಒಂದು ಗಂಟೆ ಉಪದೇಶ ಕೇಳುವುದೇ ಮುಖ್ಯವಾದ ಪಂಥಕ್ಕೆ ಈ ವಿನ್ಯಾಸ ಹೇಳಿ ಮಾಡಿಸಿದ್ದಲ್ಲ ಎನ್ನುವುದು ನನ್ನ ಅಭಿಪ್ರಾಯ.

ಇಟ್ಟಿಗೆಗೂಡು

ಗೋಪುರದ ನಿಯಮವೂ ಅಷ್ಟು ಸಲೀಸಲ್ಲ. ಪಶ್ಚಿಮದ ಬಾಗಿಲ ಮೇಲೆ, ಚರ್ಚಿಗೆ ‘ಬೆಸೆದ’ ಹಾಗಿರಬೇಕು ಎನ್ನುತ್ತದೆ. ನಕ್ಷೆಯಲ್ಲಿ ಚೆಂದ. ನೆಲ ಬೇರೆ ಹೇಳುತ್ತದೆ. ಗೋಪುರದ ಪಾಯದ ಮೇಲೆ ಬೀಳುವ ಭಾರ ಪಕ್ಕದ ಗೋಡೆಯದರ ಹಲವು ಪಟ್ಟು. ಎರಡೂ ಒಂದೇ ಹೊತ್ತಿಗೆ, ಒಂದೇ ಪ್ರಮಾಣಕ್ಕೆ ಕುಸಿಯುವುದಿಲ್ಲ. ವರಸೆಗೆ ವರಸೆ ಹಲ್ಲು ಕಚ್ಚಿಸಿ ಕಟ್ಟಿದರೆ ಗೋಪುರ ಇಳಿಯುತ್ತಾ ಪಕ್ಕದ ಗೋಡೆಯನ್ನೂ ಎಳೆದುಕೊಳ್ಳುತ್ತದೆ. ಗೋಪುರದ ಪಕ್ಕದ ಮೊದಲ ಕಿಟಕಿಯ ಕಮಾನಿನಿಂದ ಓರೆಯಾಗಿ ಬಿರುಕು ಹೊರಡುತ್ತದೆ. ಹುಷಾರಿನ ಮೇಸ್ತ್ರಿ ಅಲ್ಲಿ ಹಲ್ಲು ಬಿಡದೆ ನೇರ ಸಂದು ಬಿಟ್ಟು, ಒಂದು ಗೋಡೆಯಲ್ಲಿ ತೋಡು, ಇನ್ನೊಂದರಲ್ಲಿ ನಾಲಿಗೆ ಇಟ್ಟು ಜಾರಲು ಬಿಡುತ್ತಾನೆ. ಗೋಪುರ ಮೊದಲು ಎದ್ದು ಕೂತಮೇಲೆ ಪಕ್ಕದ ಕಮಾನು ಚಾವಣಿ ಮುಚ್ಚುತ್ತಾನೆ.

ಗಂಟೆಯ ಚೌಕಟ್ಟು ಇನ್ನೊಂದು. ತೂಗುವ ಗಂಟೆ ಅಡ್ಡಕ್ಕೆ ಒದೆಯುತ್ತದೆ. ಮರದ ಚೌಕಟ್ಟು ಗೋಡೆಗೆ ಎಲ್ಲೂ ತಾಗದೆ, ಸಾಧ್ಯವಾದಷ್ಟು ಕೆಳಗಿನ ಗೋಡೆಯಂಚಿನ ಮೇಲೆ ಕೂರಬೇಕು. ‘ಅಲುಗಾಡುತ್ತಿದೆ’ ಎಂದು ಯಾರೋ ಪಕ್ಕದ ಗೋಡೆಗೆ ಮರದ ಬೆಣೆ ಹೊಡೆದರೆ ಮುಗಿಯಿತು, ಪ್ರತಿ ಒದೆತವೂ ಕಿಂಡಿಗಳ ಮಟ್ಟದ ತೆಳು ಕಂಬಗಳಿಗೆ ಬೀಳುತ್ತದೆ.

ಸುಣ್ಣದನೀರು

ಇನ್ನು ಶಿಷ್ಯರ ಕಡೆ ಬರೋಣ. ಗುರುವಿನ ನಿಯಮ ಮುರಿದವನು ಗುರುವಿನ ಶಿಷ್ಯನೇ.

ಯೊಹಾನೆಸ್ ಒಟ್ಸೆನ್ (1839–1911), ಶ್ಲೆಸ್ವಿಗ್ ಕಡೆಯವನು, ಹ್ಯಾನೋವರಿನಲ್ಲಿ ಹಾಸೆಯ ಬಳಿ ಕಲಿತ. ಆಲ್ಟೋನಾದ ಸಂತ ಯೊಹಾನಿಸ್ ಚರ್ಚು 1868–73ರದು, ಪೂರಾ ಹ್ಯಾನೋವರ್ ಪಾಠ. 1876–79ರ ವೀಸ್‌ಬಾಡೆನ್ ಬೆರ್ಗ್‌ಕಿರ್ಖೆಯಲ್ಲಿ ಸಭಾಂಗಣ ಗಿಡ್ಡವಾಗುತ್ತದೆ, ತೋಳುಗಳು ನಡುವಿಗೆ ಬಂದು ಸೇರುತ್ತವೆ. ಬರ್ಲಿನ್‌ನ ಹೈಲಿಗ್-ಕ್ರೊಯ್ಟ್ಸ್ ಚರ್ಚು (1885–88) ಕೆಂಪು ಇಟ್ಟಿಗೆಯದೇ, ಆದರೆ ನೆತ್ತಿಯ ಮೇಲೆ ಗುಮ್ಮಟದಂಥ ಎತ್ತರದ ಮುಚ್ಚಿಗೆ. ಎಲ್ಲ ನಡುವಿಗೆ ಎಳೆಯುತ್ತದೆ.

1891ರಲ್ಲಿ ವೀಸ್‌ಬಾಡೆನ್‌ನ ಪಾದ್ರಿ ಎಮಿಲ್ ಫೇಸನ್‌ಮಾಯರ್ ಒಟ್ಸೆನ್ ಜೊತೆ ಸೇರಿ ಐಸೆನಾಖ್‌ಗೆ ಎದುರು ಕಾರ್ಯಕ್ರಮ ಮುಂದಿಟ್ಟ. ನಾಲ್ಕೇ ಅಂಶ. ಚರ್ಚು ಅಂದರೆ ಕೂಡಿ ಆರಾಧಿಸುವ ಸಭೆಯ ಮನೆ. ಸಭೆ ಒಂದು, ಆದ್ದರಿಂದ ಜಾಗವೂ ಒಂದು. ಸಾಲು ಸಾಲಾಗಿ ಕಡಿಯಬಾರದು, ಬಲಿಪೀಠಕ್ಕೆ ಬೇರೆ ಕೋಣೆ ಇರಬಾರದು. ಪ್ರಭುಭೋಜನ ಸಭೆಯ ನಡುವೆ ನಡೆಯಬೇಕು. ಉಪದೇಶ ಪೀಠ ಬಲಿಪೀಠದ ಹಿಂದೆ, ಅದಕ್ಕೆ ಸಮಾನವಾಗಿ, ಆರ್ಗನ್ ಮತ್ತು ಹಾಡುವವರೊಡನೆ ಸಭೆಯ ಎದುರಿಗೇ. ಮೂವತ್ತು ವರ್ಷದ ಹಿಂದೆ ಮೂರು ಬಾರಿ ‘ಕೂಡದು’ ಎಂದಿದ್ದನ್ನು ಎತ್ತಿ ಅಲ್ಲೇ ತಂದಿಟ್ಟರು. 1892–94ರಲ್ಲಿ ಅದೇ ಊರಿನ ರಿಂಗ್‌ಕಿರ್ಖೆಯನ್ನು ಒಟ್ಸೆನ್ ಹಾಗೇ ಕಟ್ಟಿದ: ಬೆಂಚುಗಳು ಬೀಸಣಿಗೆಯಂತೆ, ಎದುರಿಗೆ ಬಲಿಪೀಠ, ಉಪದೇಶ ಪೀಠ, ಆರ್ಗನ್ ಒಂದರ ಹಿಂದೊಂದು. ಶೈಲಿ ರೊಮಾನೆಸ್ಕ್-ಗಾಥಿಕ್ ನಡುವಿನದು.

1898ರಲ್ಲಿ ಐಸೆನಾಖ್ ಸಮ್ಮೇಳನವೇ ತನ್ನ ನಿಯಮ ಸಡಿಲಿಸಿ ‘ಸಲಹೆಗಳು’ ಎಂದು ಮತ್ತೆ ಬರೆದುಕೊಂಡಿತು. ಆಗ ಹಾಸೆಗೆ ಎಂಬತ್ತು. ಅಧಿಕೃತ ಹುದ್ದೆ ಬಿಟ್ಟು ಒಂದು ವರ್ಷವಾಗಿತ್ತು.

ಮೂರನೇವರಸೆ

ಒಟ್ಸೆನ್ ಒಬ್ಬನನ್ನೇ ಹಿಡಿದರೆ ಚಿತ್ರ ವಾಲುತ್ತದೆ. ಗೊಟ್‌ಹಿಲ್ಫ್ ಲುಡ್ವಿಗ್ ಮ್ಯೋಕೆಲ್ ಸ್ಯಾಕ್ಸನಿ, ಮೆಕ್ಲೆನ್‌ಬುರ್ಗ್ ಕಡೆ ಹೋಗಿ ಬಾಡ್ ಡೋಬೆರಾನ್‌ನ ಹಳೆಯ ಇಟ್ಟಿಗೆ ಚರ್ಚಿನ ಜೀರ್ಣೋದ್ಧಾರ ಮಾಡಿದ. ಕ್ರಿಸ್ಟೋಫ್ ಹೇಲ್ ಕ್ಯಾಥೊಲಿಕ್. ಹ್ಯಾನೋವರಿನ ದಂಡಿನ ಚರ್ಚು ಆತನ ನಕ್ಷೆಯೇ. ಬರ್ಲಿನ್‌ಗೆ ಮೇಷ್ಟ್ರಾಗಿ ಹೋಗಿ ಸ್ಟೆಗ್ಲಿಟ್ಸ್‌ನಲ್ಲಿ ಜಪಮಾಲೆಯ ಬೆಸಿಲಿಕಾ ಕಟ್ಟಿದ. ಒಪ್ಲರ್ ಯಹೂದಿ. ಒಂದೇ ಗುರುವಿನ ಇಟ್ಟಿಗೆ ಪಾಠ ಮೂರು ಧರ್ಮಶಾಖೆಗೂ ಹೋಯಿತು.

ಕರಾವಳಿ_ಹೆಂಚು

ಒಂದು ಪ್ರಶ್ನೆ. ಮಂಗಳೂರಿನ ಬಾಸೆಲ್ ಮಿಶನ್ ಚರ್ಚುಗಳು, ಹೆಂಚಿನ ಕಾರ್ಖಾನೆ ಎಲ್ಲ ಇದೇ ಹ್ಯಾನೋವರ್ ಶಾಲೆಯ ಪ್ರಭಾವ ಎನ್ನಬಹುದೇ? ಕಾಲ ಕೂಡಿಬರುತ್ತದೆ, ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ.

ಇಟ್ಟಿಗೆಗೂಡು

ಕಾಲ ಕೂಡಿದ ಮಾತ್ರಕ್ಕೆ ಬೇಡ. ಬಾಸೆಲ್ ಮಿಶನ್ ಸ್ವಿಟ್ಜರ್ಲೆಂಡಿನದು, ಅದರ ಜನ ಹೆಚ್ಚಾಗಿ ವ್ಯುರ್ಟೆಂಬರ್ಗ್ ಕಡೆಯವರು. ಮೋಗ್ಲಿಂಗ್, ಗುಂಡರ್ಟ್ ಇಬ್ಬರೂ ಅಲ್ಲಿಯವರೇ. ಹಾಸೆಯ ಗಾಥಿಕ್ ಉತ್ತರದ್ದು. ಹೆಂಚು ಬೇರೆಯೇ ಕೈಗಾರಿಕೆ, ಅದನ್ನು ಚರ್ಚ್ ಶೈಲಿಗೆ ಕಟ್ಟಿಹಾಕಬೇಕಿಲ್ಲ.

ಹಾಸೆಯ ರಾಜ್ಯಕ್ಕೂ ನಮಗೂ ನಿಜವಾದ ಕೊಂಡಿ ಒಂದಿದೆ. 1832ರಲ್ಲಿ ಕಿಟ್ಟೆಲ್ ಹುಟ್ಟಿದ ರೆಸ್ಟರ್‌ಹಾಫೆ ಪೂರ್ವ ಫ್ರೀಸ್‌ಲ್ಯಾಂಡಿನ ಹಳ್ಳಿ, ಆಗ ಹ್ಯಾನೋವರ್ ರಾಜ್ಯಕ್ಕೆ ಸೇರಿತ್ತು. ತಂದೆ ಪಾದ್ರಿ. ಆ ಕಡೆಯ ಮಧ್ಯಯುಗದ ಹಳ್ಳಿ ಚರ್ಚುಗಳಲ್ಲಿ ಎಷ್ಟೋ ಇಟ್ಟಿಗೆಯವೇ, ಕಲ್ಲು ಸಿಗದ ಸೀಮೆ. ಕಿಟ್ಟೆಲ್ 1853ರಲ್ಲೇ ಇಂಡಿಯಾಕ್ಕೆ ಹೊರಟುಬಿಟ್ಟ. ಕ್ರಿಸ್ಟುಸ್‌ಕಿರ್ಖೆಯ ಪಾಯ ತೆಗೆದದ್ದು ಆಮೇಲೆ. ಅಷ್ಟೇ, ಅದಕ್ಕಿಂತ ಎಳೆಯಬಾರದು.

ಕರಾವಳಿ_ಹೆಂಚು

ಸರಿ, ಕಿಟ್ಟೆಲ್ ಹ್ಯಾನೋವರಿನವನು ಅನ್ನುವುದೇ ಹೊಸದು. ಗಿಲಾವಿಲ್ಲದ ಇಟ್ಟಿಗೆ ಗೋಡೆ ನಮ್ಮ ಮಳೆಯಲ್ಲೇ ಅಷ್ಟು ಕಷ್ಟ, ಅಲ್ಲಿ ಹಿಮದಲ್ಲಿ ಹೇಗೆ ತಡೆಯಿತು?

ಕಮಾನುಕಲ್ಲು

ಎಲ್ಲ ಕಡೆ ತಡೆಯಲಿಲ್ಲ. ಕೆಡುವ ಜಾಗ ಹೆಚ್ಚು ಕಡಿಮೆ ಗೊತ್ತಿರುವಂಥವೇ.

ಮೊದಲನೆಯದು ಮೆಟ್ಟಿಲು ಮೆಟ್ಟಿಲಾದ ತ್ರಿಕೋನ ಗೋಡೆ. ಮಾಡಿಗಿಂತ ಮೇಲೆದ್ದು ನಿಲ್ಲುವ ಗೋಡೆ ಅದು, ಎರಡೂ ಕಡೆ ಒದ್ದೆ. ಪ್ರತಿ ಮೆಟ್ಟಿಲ ನೆತ್ತಿಯೂ ಮಟ್ಟಸವಾಗಿದ್ದರೆ ನೀರು ನಿಲ್ಲುತ್ತದೆ. ಅದಕ್ಕೇ ನೆತ್ತಿಗೆ ಹೆಂಚಿನ ಪುಟ್ಟ ಮಾಡು ಹಾಕುತ್ತಾರೆ. ಕಿಟಕಿಯ ಕೆಳಗಿನ ಇಳಿಜಾರಿಗೂ ಅದೇ ಕಾರಣ. ಗಾಥಿಕ್ ಕಿಟಕಿಯ ಹಲಗೆ ಅ‌ಷ್ಟು ಕಡಿದಾಗಿರುವುದು ಅಂದಕ್ಕಲ್ಲ.

ಎರಡನೆಯದು ಮೆರುಗಿನ ಇಟ್ಟಿಗೆ. ಹಸಿರು, ಕಂದು, ಕಪ್ಪು ಮೆರುಗಿನ ಸಾಲುಗಳನ್ನು ಈ ಶಾಲೆ ಧಾರಾಳವಾಗಿ ಬಳಸಿತು. ಮೆರುಗು ಗಾಜು, ಅದರ ಮೂಲಕ ನೀರು ಒಳಗೆ ಹೋಗದು. ಆದರೆ ಸುತ್ತಲ ಸಂದಿನಿಂದ ಹೋಗುತ್ತದೆ, ಹೋದದ್ದು ಮುಂಭಾಗದಿಂದ ಆರಲಾರದೆ ಮೆರುಗಿನ ಬೆನ್ನಿಗೆ ಕೂರುತ್ತದೆ. ನೀರು ಹೆಪ್ಪುಗಟ್ಟಿದಾಗ ಗಾತ್ರ ಸುಮಾರು ಶೇ 9 ಹೆಚ್ಚುತ್ತದೆ. ಮೆರುಗು ಮಣ್ಣಿನ ತೆಳು ಪದರದ ಸಮೇತ ಚಕ್ಕೆಯಾಗಿ ಹಾರುತ್ತದೆ. ಸಂದು ಗಟ್ಟಿಯಿದ್ದರೆ ಇಟ್ಟಿಗೆ ಉಳಿಯಿತು. ಮೆರುಗಿನ ಆಯುಷ್ಯ ಸಂದಿನಲ್ಲಿದೆ.

ಮೂರನೆಯದೇ ಹೆಚ್ಚು ಹಾಳುಮಾಡಿದ್ದು: ದುರಸ್ತಿ. ಸುಣ್ಣದ ಗಾರೆಯ ಸಂದು ಸವೆದಾಗ ಅದರ ಮೇಲೆ ಸಿಮೆಂಟ್ ಪಾಯಿಂಟಿಂಗ್ ಬಳಿಯುತ್ತಾರೆ. ಸಿಮೆಂಟು ಇಟ್ಟಿಗೆಗಿಂತ ಗಟ್ಟಿ, ಉಸಿರಾಡದು. ಒಳಗಿನ ತೇವ ಸಂದಿನ ಬದಲು ಇಟ್ಟಿಗೆಯ ಮುಖದಿಂದ ಆರುತ್ತದೆ, ಉಪ್ಪನ್ನು ಅಲ್ಲೇ ಬಿಡುತ್ತದೆ. ಕೆಲವು ಚಳಿಗಾಲ ಕಳೆದರೆ ಇಟ್ಟಿಗೆ ಒಳಗೆ ಸವೆದು, ಸಿಮೆಂಟಿನ ಸಂದು ಜೇನುಗೂಡಿನ ಗೋಡೆಯ ಹಾಗೆ ಹೊರಗೆ ಉಳಿದಿರುತ್ತದೆ. ಯಾವುದು ಮೊದಲು ಸವೆಯಬೇಕೋ ಅದು ಉಳಿದು, ಉಳಿಯಬೇಕಾದ್ದು ಸವೆಯಿತು.

ಸರಿಯಾಗಿ ಮಾಡುವುದಾದರೆ: 1 ಸೆಂ.ಮೀ. ಸಂದಿಗೆ 2–2.5 ಸೆಂ.ಮೀ. ಆಳ ಕೆರೆಯಬೇಕು. ಉಳಿ, ಸುತ್ತಿಗೆಯಿಂದಲೇ ಕೆರೆಯಬೇಕು. ಗ್ರೈಂಡರ್ ಬೇಡ, ಅದು ನಿಂತ ಸಂದುಗಳಲ್ಲಿ ಮೇಲಿನ ಕೆಳಗಿನ ಇಟ್ಟಿಗೆಯ ಅಂಚು ಕುಯ್ದೇ ಕುಯ್ಯುತ್ತದೆ. ದೂಳು ತೊಳೆದು, ಇಟ್ಟಿಗೆಗೆ ನೀರು ಕುಡಿಸಿ, ನೀರು ಮೇಲೆ ಮಿನುಗದಿರುವಾಗ ಒಂದು ಪಾಲು ಸುಣ್ಣ, ಮೂರು ಪಾಲು ಮರಳಿನ ಗಾರೆಯನ್ನು ಎರಡು ಪದರದಲ್ಲಿ ಒತ್ತಿ ತುಂಬಬೇಕು. ಬಿಸಿಲು, ಗಾಳಿ ಬಡಿಯದ ಹಾಗೆ ಒದ್ದೆ ಗೋಣಿ ಇಳಿಬಿಡಬೇಕು. ಹಿಮ ಬೀಳುವ ತಿಂಗಳುಗಳ ಹತ್ತಿರ ಈ ಕೆಲಸ ಹಿಡಿಯಲೇಬಾರದು, ಸುಣ್ಣ ಗಟ್ಟಿಯಾಗಲು ವಾರಗಟ್ಟಲೆ ಬೇಕು.

ನಕ್ಷೆಗಾರ

ಕೊನೆಗೊಂದು. ಎರಡನೇ ಮಹಾಯುದ್ಧದಲ್ಲಿ ಕ್ರಿಸ್ಟುಸ್‌ಕಿರ್ಖೆಗೂ ಬಾಂಬು ಬಿದ್ದು ಮತ್ತೆ ಕಟ್ಟಿದ್ದಾರೆ, ಹಿಲ್ಡೆಸ್‌ಹೈಮಿನ ಸಂತ ಮಿಖಾಯೆಲ್ 1945ರಲ್ಲಿ ಸುಟ್ಟುಹೋಗಿತ್ತು. ಮೊದಲೇ ಬಿಚ್ಚಿಟ್ಟಿದ್ದರಿಂದ ಬಣ್ಣದ ಮರದ ಚಾವಣಿ ಮಾತ್ರ ಉಳಿಯಿತು. ಹೀಗಿರುವಾಗ ಈ ಶಾಲೆಯ ಇಟ್ಟಿಗೆ ಚರ್ಚುಗಳಲ್ಲಿ ಹಳೆಯ ಕೆಲಸ ಯಾವುದು, ಆಮೇಲಿನದು ಯಾವುದು ಎಂದು ಗುರುತಿಸಲು ಎಲ್ಲಿ ನೋಡಬೇಕು?

ಮೂರನೇವರಸೆ

ಚೂಪು ಕಮಾನು ಬಿಡಿ, ಹಲ್ಲುಪಟ್ಟಿ ನೋಡಿ. ಜರ್ಮನ್ನರು ‘ಜರ್ಮನ್ ಪಟ್ಟಿ’ ಎನ್ನುವುದು ಇದಕ್ಕೇ: ಮಾಡಿನ ಕೆಳಗೆ ಒಂದು ವರಸೆಯಲ್ಲಿ ಇಟ್ಟಿಗೆಗಳನ್ನು 45 ಡಿಗ್ರಿ ತಿರುಗಿಸಿ ಇಡುತ್ತಾರೆ, ಮೂಲೆ ಮಾತ್ರ ಗೋಡೆಯ ಮುಖಕ್ಕೆ ಬರುತ್ತದೆ. ಅಚ್ಚು ಬೇಡ, ಮಾಮೂಲು ಇಟ್ಟಿಗೆಯೇ. ಕೆಳಗೊಂದು ಮೇಲೊಂದು ನೇರ ವರಸೆ, ನಡುವೆ ಹಲ್ಲಿನ ನೆರಳು.

12 ಸೆಂ.ಮೀ. ಅಗಲದ ಇಟ್ಟಿಗೆ, 1 ಸೆಂ.ಮೀ. ಸಂದು: 13ನ್ನು 1.414ರಿಂದ ಗುಣಿಸಿದರೆ ಹಲ್ಲಿನಿಂದ ಹಲ್ಲಿಗೆ 18.4 ಸೆಂ.ಮೀ. ಎರಡು ಆಧಾರ ಗೋಡೆಗಳ ನಡುವೆ 2.02 ಮೀಟರ್ ಜಾಗವಿದ್ದರೆ ಸರಿಯಾಗಿ ಹನ್ನೊಂದು ಹಲ್ಲು. ಜಾಗ ನೆಟ್ಟಗೆ 2 ಮೀಟರ್ ಎಂದು ಬರೆದ ನಕ್ಷೆಯಲ್ಲಿ ಕೊನೆಯ ಹಲ್ಲು ಮೊಟಕಾಗುತ್ತದೆ, ಇಲ್ಲವೇ ಸಂದುಗಳನ್ನು ಹಿಸುಕಬೇಕಾಗುತ್ತದೆ. ಮೂಲ ಕೆಲಸದಲ್ಲಿ ಜಾಗದ ಅಗಲವನ್ನೇ ಹಲ್ಲಿನ ಲೆಕ್ಕಕ್ಕೆ ಇಟ್ಟಿರುವುದರಿಂದ ಎರಡು ತುದಿಯಲ್ಲೂ ಒಂದೇ ಥರ ಮುಗಿಯುತ್ತದೆ. ಆಮೇಲೆ ಬೇರೆ ಅಳತೆಯ ಇಟ್ಟಿಗೆಯಿಂದ ತುಂಬಿದ್ದರೆ ಒಂದು ತುದಿಯಲ್ಲಿ ಕತ್ತರಿಸಿದ ಹಲ್ಲು ಸಿಕ್ಕೇ ಸಿಗುತ್ತದೆ. ಹಲ್ಲಿನ ಬೆನ್ನ ಹಿಂದಿನ ತ್ರಿಕೋನ ಸಂದಿಗೆ ಇಟ್ಟಿಗೆಯ ಚೂರು ತುಂಬಿದ್ದಾರೋ ಬರೀ ಗಾರೆ ಸುರಿದಿದ್ದಾರೋ ಎಂದೂ ನೋಡಬೇಕು. ಗಾರೆಯೇ ಆಗಿದ್ದರೆ ಅದು ಕುಗ್ಗಿ, ಹಲ್ಲಿನ ಬುಡದಲ್ಲಿ ಕೂದಲೆಳೆಯ ಬಿರುಕು ಸಾಲಾಗಿ ಕಾಣುತ್ತದೆ. ದುರ್ಬೀನು ಸಾಕು, ಏಣಿ ಹಾಕಬೇಕಿಲ್ಲ.